ನೀರು ಕಾಣದ ದೋಣಿ

ಹಳೇಬೀಡಿನ ಪಾತ್ರೆ ಅಂಗಡಿಯ ಶಾಂತರಾಜಯ್ಯನವರು ದೋಣಿ ನಡೆಸಿದ ಪ್ರಸಂಗವು ನನಗೆ ಮೂರು ಪಾಠಾಂತರಗಳಲ್ಲಿ ದೊರೆತಿದೆ. ಅರಸೀಕೆರೆಯ ಪಾಠ ರೈಲ್ವೆ ಪಾರ್ಸೆಲ್ ಕೋಣೆಯಲ್ಲಿ ಹುಟ್ಟಿ ಅಲ್ಲಿಯೇ ಮುಗಿದುಹೋಗುತ್ತದೆ. ಹೇಳಿದವರಿಗೆ ಮುಂದಿನದು ತಿಳಿಯದು. ಬೇಲೂರಿನ ಪಾಠದಲ್ಲಿ ಒಂದು ಮೊಸಳೆ ಬರುತ್ತದೆ. ಆ ಮೊಸಳೆಯನ್ನು ಕಂಡವರು ಹಳೇಬೀಡಿನಲ್ಲಿ ಒಬ್ಬರೂ ಸಿಗದ ಕಾರಣ ಅದನ್ನು ಕೈಬಿಟ್ಟಿದ್ದೇನೆ. ಮೂರನೆಯದು ಹಳೇಬೀಡಿನದೇ, ಬಸ್ ನಿಲ್ದಾಣದ ಎದುರು ಎಸ್.ಟಿ.ಡಿ. ಬೂತ್ ನಡೆಸುತ್ತಿದ್ದ ಹನುಮಯ್ಯನವರದು. ಪ್ರತಿ ಘಟ್ಟದಲ್ಲಿಯೂ ತಾವು ಎಲ್ಲಿ ನಿಂತಿದ್ದೆವು, ಯಾರ ಹೆಗಲ ಮೇಲಿಂದ ಇಣುಕಿದೆವು ಎಂಬುದನ್ನೂ ಅವರು ಹೇಳಬಲ್ಲರಾದ್ದರಿಂದ ಅದನ್ನೇ ಮುಖ್ಯವೆಂದು ಹಿಡಿದಿದ್ದೇನೆ. ಹನುಮಯ್ಯನವರಿಗೆ ಕಾಣದೆ ಉಳಿದ ಸಂಗತಿಗಳು ನನಗೆ ಹೇಗೆ ತಿಳಿದವೆಂಬುದನ್ನು ಕೊನೆಯಲ್ಲಿ ನಿವೇದಿಸುತ್ತೇನೆ.

ಮೊಬೈಲು ಎಲ್ಲರ ಜೇಬಿಗೆ ಇಳಿಯುವುದಕ್ಕೆ ಸ್ವಲ್ಪ ಮುಂಚಿನ ಕಾಲ. ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತು ಕುಳಿತು ಶಾಂತರಾಜಯ್ಯನವರ ಹೊಟ್ಟೆ ಮುಂದುವರಿದು ಒಂದು ದಿನ ಗಲ್ಲಾಪೆಟ್ಟಿಗೆಯನ್ನು ಮುಟ್ಟಿತು. ಚಿಲ್ಲರೆ ತೆಗೆಯಲು ಪೆಟ್ಟಿಗೆಯ ಮುಚ್ಚಳ ಎತ್ತಬೇಕಾದರೆ ಅವರು ಉಸಿರು ಬಿಗಿಹಿಡಿಯಬೇಕಾಗಿತ್ತು. ಅವರ ಪತ್ನಿ ರತ್ನಪ್ರಭಾ ಅವರು ಪತಿಯನ್ನು ಅರಸೀಕೆರೆಯ ಒಬ್ಬ ವೈದ್ಯರ ಬಳಿಗೆ ಕರೆದೊಯ್ದರು.

“ನಡೀರಿ ಅನ್ನೋಣ ಅಂದ್ರೆ ಮಂಡಿ ಸವೆದಿದೆ,” ಎಂದರು ವೈದ್ಯರು. “ಈಜ್ತೀರಾ?”

“ನೀರು ಕಂಡ್ರೆ ಭಯ ಡಾಕ್ಟ್ರೇ. ಯಾತ್ರೆಗೆ ಹೋದ್ರೂ ದಡದಲ್ಲಿ ಕೂತು ಚೊಂಬಲ್ಲಿ ಹುಯ್ಕೋತೀನಿ.”

“ಹಾಗಾದ್ರೆ ಕೂತ್ಕೊಂಡು ಮಾಡೋ ವ್ಯಾಯಾಮ ಯಾವುದಾದ್ರೂ ಹುಡುಕಿ.”

“ಕೂತ್ಕೊಂಡೇ ಅಲ್ವೇ ಡಾಕ್ಟ್ರೇ ಇಷ್ಟಾಗಿರೋದು.”

ರತ್ನಪ್ರಭಾ ಅವರ ತಮ್ಮ ಸಂಯಮ್ ಬೆಂಗಳೂರಿನ ಒಂದು ಕ್ಲಬ್ಬಿನಲ್ಲಿ ಮೇಲ್ವಿಚಾರಕರಾಗಿದ್ದರು. ಅಲ್ಲಿಗೆ ಹೊಸ ವ್ಯಾಯಾಮದ ಸಲಕರಣೆಗಳು ಬಂದಿದ್ದವು. ಹಳೆಯವುಗಳಲ್ಲಿ ಒಂದನ್ನು ಅವರು ಗೋಣಿಯಲ್ಲಿ ಸುತ್ತಿ ಅಕ್ಕನ ಮನೆಗೆಂದು ರೈಲಿಗೆ ಹಾಕಿದರು. ಬಿಡಿಸಿಕೊಳ್ಳಲು ಹೋದ ಶಾಂತರಾಜಯ್ಯನವರಿಗೂ ಅರಸೀಕೆರೆಯ ಪಾರ್ಸೆಲ್ ಗುಮಾಸ್ತರಿಗೂ ನಡೆದ ಸಂವಾದವನ್ನು ಅರಸೀಕೆರೆಯ ಪಾಠ ಹೀಗೆ ಉಳಿಸಿಕೊಂಡಿದೆ:

“ಏನಿದು?”

“ದೋಣಿಗೆ ಹುಟ್ಟು ಹಾಕೋ ಮಿಷನ್ನು.”

“ದೋಣಿ ಎಲ್ಲಿ?”

“ದೋಣಿ ಇಲ್ಲ.”

“ಹಿಂದಿನ ಗಾಡೀಲಿ ಬರುತ್ತೇನೋ, ಕಾಯ್ತೀರಾ?”

ಆ ದೋಣಿ ಇನ್ನೂ ಬಂದಿಲ್ಲ ಎಂಬಲ್ಲಿಗೆ ಅರಸೀಕೆರೆಯ ಪಾಠ ಮುಕ್ತಾಯವಾಗುತ್ತದೆ.

ಕೊಬ್ಬರಿ ಮೂಟೆ ಇಳಿಸಿ ಹಿಂದಿರುಗುತ್ತಿದ್ದ ಟೆಂಪೋದಲ್ಲಿ ಯಂತ್ರ ಹಳೇಬೀಡಿಗೆ ಬಂದು, ಮಾರಾಟಕ್ಕಿಟ್ಟ ತಾಮ್ರದ ಹಂಡೆಗಳ ನಡುವೆ ಮಹಡಿಯ ಕೋಣೆಯಲ್ಲಿ ನೆಲೆಗೊಂಡಿತು. ಅದರ ಸ್ವರೂಪ ಇಂತಿದೆ: ಉದ್ದನೆಯ ಒಂದು ಹಳಿ, ಅದರ ಮೇಲೆ ಹಿಂದಕ್ಕೂ ಮುಂದಕ್ಕೂ ಜರುಗುವ ಪುಟ್ಟ ಆಸನ, ಮುಂದುಗಡೆ ಜಾಲರಿಯೊಳಗೆ ಕುಳಿತ ಗಾಳಿಚಕ್ರ, ಚಕ್ರದಿಂದ ಹೊರಬಂದ ಸರಪಳಿ, ಸರಪಳಿಯ ತುದಿಗೊಂದು ಹಿಡಿ. ಪಾದಗಳನ್ನು ಪಟ್ಟಿಯಿಂದ ಬಿಗಿದುಕೊಂಡು ಹಿಡಿಯನ್ನು ಎಳೆದರೆ ಚಕ್ರ ಸುಂಯ್ ಎಂದು ತಿರುಗುತ್ತದೆ. ಇದು ನೀರಿನ ಮೇಲಿದ್ದಿದ್ದರೆ ಎಷ್ಟು ದೂರ ಸಾಗುತ್ತಿತ್ತೆಂಬ ಲೆಕ್ಕ ಎದುರಿನ ಪುಟ್ಟ ಪರದೆಯ ಮೇಲೆ ಮೂಡುತ್ತದೆ.

ಮೊದಲ ದಿನ ಶಾಂತರಾಜಯ್ಯನವರು ಪಂಚೆಯುಟ್ಟು ಕುಳಿತರು. ಆಸನ ಹಿಂದಕ್ಕೆ ಜರುಗಿತು, ಪಂಚೆ ಮುಂದೆಯೇ ಉಳಿಯಿತು. ಮುಂದಕ್ಕೆ ಜರುಗಿದಾಗ ಪಂಚೆಯ ಅಂಚು ಚಕ್ರದ ಸಂದಿಗೆ ಸಿಕ್ಕಿತು. ರತ್ನಪ್ರಭಾ ಅವರು ಕತ್ತರಿ ತಂದು ಪತಿಯನ್ನು ಬಿಡಿಸಬೇಕಾಯಿತು. ಸಂಯಮ್ ಬಸ್ಸಿನ ಡ್ರೈವರ್ ಕೈಯಲ್ಲಿ ಒಂದು ಚಡ್ಡಿಯನ್ನು ಕಳಿಸಿದರು. ಅದು ಮಂಡಿಗಿಂತ ಒಂದು ಗೇಣು ಮೇಲಕ್ಕೆ ನಿಲ್ಲುತ್ತಿತ್ತು.

ಮುಂದೆ ನಡೆದುದಕ್ಕೆಲ್ಲ ಈ ಚಡ್ಡಿಯೇ ಮೂಲವೆಂಬುದು ನನ್ನ ನಿರ್ಣಯ. ಬಸದಿಯಲ್ಲಿ ಅಭಿಷೇಕಕ್ಕೆ ನಿಂತಾಗ ನಾಲ್ಕು ಜನ ಹಿರಿಯರು ಸರಿದು ದಾರಿ ಬಿಡುವಂಥ ಗೃಹಸ್ಥರು, ಹಂಡೆಗಳ ನಡುವೆ ಒಂದು ಗೇಣು ಮೇಲಿನ ಚಡ್ಡಿಯಲ್ಲಿ ಸರಪಳಿ ಎಳೆಯುತ್ತಾರೆಂದು ಊರಿಗೆ ತಿಳಿಯಬಾರದು. ಆದ್ದರಿಂದ ಮಹಡಿಯ ಬಾಗಿಲಿಗೆ ಅಗುಳಿ ಬಿತ್ತು. ಕಿಟಕಿಗೆ ಹಳೆಯ ಜಮಖಾನ ಬಿತ್ತು.

ಬೆನ್ನುನೋವು ಬಂತು. ಮಾರನೆಯ ವಾರ ಅವರು ನಡು ಹಿಡಿದುಕೊಂಡು ಹನುಮಯ್ಯನವರ ಬೂತಿಗೆ ಹೋಗಿ ಭಾವಮೈದುನನಿಗೆ ಫೋನು ಹಚ್ಚಿದರು. ಗಾಜಿನ ಬಾಗಿಲು ಸರಿಯಾಗಿ ಮುಚ್ಚುತ್ತಿರಲಿಲ್ಲ. ಹೊರಗಿದ್ದ ಹನುಮಯ್ಯನವರಿಗೆ ಕೇಳಿಸಿದ್ದು ಇಷ್ಟು:

“ಸಂಯಮ್, ನಾನು ಕಣಪ್ಪಾ. ಬಹಳ ನೋವು... ಹೂಂ, ಹೇಳು... ಮೊದಲು ಕಾಲು. ಸರಿ. ಕಾಲು ಪೂರ್ತಿ ಹೋದ ಮೇಲೆ ಸೊಂಟ. ಸರಿ. ಕೊನೆಗೆ ಕೈ... ವಾಪಸ್ ಬರೋವಾಗ ಮೊದಲು ಕೈ ಬರುತ್ತೆ, ಆಮೇಲೆ ಸೊಂಟ, ಕೊನೆಗೆ ಕಾಲು... ಇಲ್ಲಪ್ಪ, ಆತುರ ಏನಿಲ್ಲ, ನಿಧಾನವಾಗೇ ಬರಲಿ.”

ವಾಸ್ತವದಲ್ಲಿ ಸಂಯಮ್ ಅವರು ಹೊಸಬರಿಗೆ ಹೇಳಬೇಕಾದ ಪಾಠವನ್ನು ಅಚ್ಚುಕಟ್ಟಾಗಿ ಹೇಳುತ್ತಿದ್ದರು. “ಭಾವ, ನೀವು ಬಾವೀಲಿ ನೀರು ಸೇದೋ ಹಾಗೆ ಎಳೀತಿದೀರಿ. ಮೊದಲು ಕೈ ಎಳೆಯುತ್ತೆ, ಆಮೇಲೆ ಬೆನ್ನು ಬಾಗುತ್ತೆ, ಕಾಲು ಸುಮ್ನೆ ಇರುತ್ತೆ. ಇಲ್ಲಿ ಎಳೆಯೋ ಎತ್ತು ಅಂದ್ರೆ ಕಾಲು, ಕೈ ಬರೀ ಹಗ್ಗ. ಮೊದಲು ಕಾಲಲ್ಲಿ ಒದ್ದು ಹಿಂದಕ್ಕೆ ಹೋಗಿ, ಆಮೇಲೆ ಸೊಂಟದಿಂದ ಸ್ವಲ್ಪ ಹಿಂದಕ್ಕೆ ವಾಲಿ, ಕೊನೆಗೆ ಹಿಡೀನ ಎದೆ ಕೆಳಗೆ ತನ್ನಿ. ವಾಪಸ್ ಬರೋವಾಗ ತಿರುಗಾ ಮುರುಗಾ. ಕೈ ಮಂಡಿ ದಾಟೋ ತನಕ ಮಂಡಿ ಮಡಚಬೇಡಿ. ಎಳೆಯೋದಕ್ಕಿಂತ ಬರೋದು ನಿಧಾನ. ಪಕ್ಕದಲ್ಲಿ ಗಾಳಿ ಬಿಡೋಕೆ ಒಂದು ಕಡ್ಡಿ ಇದೆಯಲ್ಲ, ಅದು ಎಷ್ಟರಲ್ಲಿದೆ?”

“ಹತ್ತರಲ್ಲಿ.”

“ನಾಲ್ಕಕ್ಕೆ ಇಳಿಸಿ.”

“ಹತ್ತು ಇರೋವಾಗ ನಾಲ್ಕು ಯಾಕೆ?”

“ನಿಮ್ಮ ಸೊಂಟಕ್ಕೆ, ಭಾವ.”

ಆ ತುದಿಯ ಮಾತು ಹನುಮಯ್ಯನವರಿಗೆ ಕೇಳಿಸಿರಲಿಲ್ಲ, ಹತ್ತು-ನಾಲ್ಕರ ಮಾತು ಬಸ್ಸಿನ ಹಾರನ್ನಿನಲ್ಲಿ ಮುಳುಗಿತ್ತು. ಅವರು ತಮಗೆ ಕೇಳಿಸಿದ್ದನ್ನು ಜೋಡಿಸಿದರು. ಬೆಂಗಳೂರಿನ ಭಾವಮೈದುನನಿಗೆ ಭಾರಿ ಅಪಘಾತವಾಗಿದೆ. ಕಾಲು, ಸೊಂಟ, ಕೈ ಎಲ್ಲವೂ ಹೋಗಿವೆ. ಚಿಕಿತ್ಸೆಯಿಂದ ಒಂದೊಂದಾಗಿ ಮರಳಲಿವೆ. ಸಂಜೆಯ ಹೊತ್ತಿಗೆ ಪಾತ್ರೆ ಅಂಗಡಿಯ ಮುಂದೆ ಸಂತಾಪ ಸೂಚಕರ ಗುಂಪು ನೆರೆಯಿತು.

“ಕೈ ಬಂತಾ ಸ್ವಾಮಿ?” ಎಂದು ಒಬ್ಬರು ತಗ್ಗಿದ ದನಿಯಲ್ಲಿ ವಿಚಾರಿಸಿದರು.

“ಯಾರ ಕೈ?”

“ಧೈರ್ಯವಾಗಿರಿ. ಕಾಲೂ ಬತ್ತದೆ.”

ಬಹಳ ಹೊತ್ತಿನ ನಂತರ ವಿಷಯ ಅರ್ಥವಾಗಿ ಶಾಂತರಾಜಯ್ಯನವರು ಕೈ ಎತ್ತಿ ಎಲ್ಲರನ್ನೂ ಸುಮ್ಮನಿರಿಸಿದರು. “ಯಾರಿಗೂ ಏನೂ ಆಗಿಲ್ಲ. ನಾನು ದೋಣಿ ನಡೆಸೋದು ಕಲೀತಿದೀನಿ. ಅವನು ಹೇಳಿಕೊಡ್ತಿದ್ದ, ಅಷ್ಟೆ.”

ಗುಂಪಿಗೆ ನಿರಾಶೆಯಾಯಿತೆಂದು ಹೇಳಲಾಗದು. ಆಸಕ್ತಿ ದಿಕ್ಕು ಬದಲಿಸಿತು.

“ದೋಣಿಯಾ? ಎಲ್ಲಿ?” ಎಂದರು ಹನುಮಯ್ಯ.

ಎಲ್ಲಿ ಎಂದರೆ ಮಹಡಿ. ಮಹಡಿ ಎಂದರೆ ನೋಡಲು ಬರುತ್ತಾರೆ. ಬಂದರೆ ಚಡ್ಡಿ. ಶಾಂತರಾಜಯ್ಯನವರು ‘ಎಲ್ಲಿ’ ಎಂಬ ಪ್ರಶ್ನೆಗೆ ‘ಯಾವಾಗ’ ಎಂಬುದರ ಉತ್ತರ ಕೊಟ್ಟರು. “ಬೆಳಿಗ್ಗೆ. ಬಸದಿಗೆ ಹೋಗಿ ಬಂದ ಮೇಲೆ.”

ಹಳೇಬೀಡಿನಲ್ಲಿ ದೋಣಿ ನಡೆಸುವಷ್ಟು ನೀರು ಇರುವುದು ಊರ ಕೆರೆಯಲ್ಲಿ ಮಾತ್ರ. ಉಳಿದದ್ದನ್ನು ಊರು ತಾನೇ ತುಂಬಿಕೊಂಡಿತು.

ಕಡ್ಡಿ ನಾಲ್ಕಕ್ಕೆ ಇಳಿದ ಮೇಲೆ ಬೆನ್ನುನೋವು ಹೋಯಿತು. ಕಾಲು ಎತ್ತಾಯಿತು, ಕೈ ಹಗ್ಗವಾಯಿತು. ಹೊಟ್ಟೆಗೂ ಗಲ್ಲಾಪೆಟ್ಟಿಗೆಗೂ ನಡುವೆ ಮೊದಲು ಒಂದು ಬೆರಳು, ಆಮೇಲೆ ಒಂದು ಸಣ್ಣ ಲೋಟ ಹಿಡಿಸುವಷ್ಟು ಜಾಗವಾಯಿತು. ಶಾಂತರಾಜಯ್ಯನವರಿಗೆ ಹೆಮ್ಮೆ ತಡೆಯಲಾಗಲಿಲ್ಲ. “ಇವತ್ತು ಮೂರು ಕಿಲೋಮೀಟರ್ ಹೋದೆ,” ಎಂದು ಅಂಗಡಿಗೆ ಬಂದವರ ಮುಂದೆ ಹೇಳಿಬಿಡುವರು. ಪರದೆ ಹಾಗೆಯೇ ತೋರಿಸುತ್ತಿತ್ತು. ಅವರ ಮಾತಿನಲ್ಲಿ ಸುಳ್ಳಿರಲಿಲ್ಲ.

ಒಬ್ಬರು ಮಾತ್ರ ನಂಬಲಿಲ್ಲ. ಅವರು ಕೆರೆಯಲ್ಲಿ ಹರಿಗೋಲಿನ ಮೇಲೆ ಮೀನು ಹಿಡಿಯುವ ಕರಿಯಯ್ಯ.

“ಕೋಳಿ ಕೂಗೋ ಹೊತ್ಗೆ ನಾ ಕೆರೆ ಮ್ಯಾಲಿರ್ತೀನಿ. ಒಂದಿನಾನೂ ಅವರನ್ನ ಕಂಡಿಲ್ಲ,” ಎಂದರು ಬೂತಿನ ಮುಂದೆ.

“ನೀನು ಬಲೆ ನೋಡ್ತಿರ್ತೀಯ ಕಣೋ. ಅವರು ಸುಂಯ್ ಅಂತ ಹೋಗಿರ್ತಾರೆ,” ಎಂದರು ಹನುಮಯ್ಯ.

ವಾದ ಹೀಗೆಯೇ ತೂಗಾಡುತ್ತಿದ್ದಾಗ ಸುದ್ದಿ ಕಮಲಾಕ್ಷಮ್ಮನವರ ಕಿವಿ ಮುಟ್ಟಿತು. ಇವರು ಶಾಂತರಾಜಯ್ಯನವರ ಸೋದರತ್ತೆ. ಹರೆಯದಲ್ಲಿಯೇ ಮುನಿಗಳ ಎದುರು ಸತ್ಯಾಣುವ್ರತ ಸ್ವೀಕರಿಸಿದವರು. ಅಂದಿನಿಂದ ಅವರ ಬಾಯಿಂದ ಸುಳ್ಳು ಹೊರಟಿಲ್ಲವೆಂಬುದು ಬಸದಿಯ ಕೇರಿಯಲ್ಲಿ ಮಾತ್ರವಲ್ಲ, ಬಸ್ ನಿಲ್ದಾಣದಲ್ಲಿಯೂ ಪ್ರಮಾಣ. ಹಾಲಿನವನಿಗೂ ಗಿರಾಕಿಗೂ ಜಗಳವಾದರೆ ಇವರನ್ನು ಕೇಳಿ ತೀರ್ಮಾನಿಸುವುದು ವಾಡಿಕೆ. ತಮ್ಮ ಸೋದರಳಿಯ ದಿನವೂ ಕೆರೆಯ ನೀರು ಕಲಕುತ್ತಾನೆಂದು ಕೇಳಿ ಅವರಿಗೆ ಸಂಕಟವಾಯಿತು. ನೀರಿನಲ್ಲಿ ಕಣ್ಣಿಗೆ ಕಾಣದ ಎಷ್ಟು ಜೀವಗಳಿರುತ್ತವೆ. ಹುಟ್ಟಿನ ಪೆಟ್ಟಿಗೆ ಅವುಗಳ ಗತಿಯೇನು?

ಬುದ್ಧಿ ಹೇಳಲೆಂದು ಮಾರನೆಯ ಬೆಳಿಗ್ಗೆ ನೇರವಾಗಿ ಮಹಡಿ ಹತ್ತಿದರು. ಅಂದು ಅಗುಳಿ ಹಾಕಿರಲಿಲ್ಲ.

ಶಾಂತರಾಜಯ್ಯನವರು ಹಿಡಿ ಬಿಟ್ಟು ಚಡ್ಡಿಯ ಅಂಚನ್ನು ಮಂಡಿಯ ಕಡೆಗೆ ಎಳೆದುಕೊಂಡರು.

“ನೀರೆಲ್ಲೋ?” ಎಂದರು ಕಮಲಾಕ್ಷಮ್ಮ.

“ಇಲ್ಲ ಅತ್ತೆ.”

“ಎಲ್ಲಿಗೆ ಹೋಗ್ತಿದೀಯ?”

“ಎಲ್ಲಿಗೂ ಇಲ್ಲ.”

ಕಮಲಾಕ್ಷಮ್ಮನವರು ಬೋರಲಾಗಿಟ್ಟಿದ್ದ ಒಂದು ಹಂಡೆಯ ಮೇಲೆ ಕುಳಿತು, ಇಡೀ ಅಭ್ಯಾಸವನ್ನು ಆದಿಯಿಂದ ಅಂತ್ಯದವರೆಗೆ ನೋಡಿದರು. ಅವರ ಮುಖ ತಿಳಿಯಾಗುತ್ತ ಬಂತು.

“ಒಂದು ಇರುವೆಗೂ ನೋವಿಲ್ಲ,” ಎಂದರು ಕೊನೆಗೆ. “ನಮ್ಮ ಮನೆತನದಲ್ಲಿ ಇಷ್ಟು ನಿರ್ದೋಷವಾದ ಕೆಲಸ ಯಾರೂ ಮಾಡಿರಲಿಲ್ಲ ಕಣೋ ಶಾಂತು. ಚಡ್ಡಿ ಒಂದು ಸ್ವಲ್ಪ ಉದ್ದ ಇದ್ದಿದ್ರೆ ಆಗಿತ್ತು.”

“ಅತ್ತೆ, ಇದನ್ನ ಯಾರಿಗೂ ಹೇಳಬೇಡಿ.”

“ನಾನು ಸುಳ್ಳು ಹೇಳೋಳಲ್ಲ. ಕೇಳದೇ ಇರೋದನ್ನ ಹೇಳೋಳೂ ಅಲ್ಲ.”

ಈ ಸೂಕ್ಷ್ಮವು ವ್ರತಕ್ಕೆ ಎಷ್ಟು ಸಮ್ಮತವೆಂಬುದನ್ನು ಶಾಸ್ತ್ರ ಬಲ್ಲವರು ನಿರ್ಣಯಿಸಬೇಕು. ನನ್ನ ಕೆಲಸ ಮುಂದಿನದನ್ನು ವರದಿ ಮಾಡುವುದು. ಅವರು ಕೆಳಗಿಳಿದು, ಕೆರೆಯಿಂದ ಬರುವ ಬೀದಿ ಸೇರುತ್ತಲೇ ಹನುಮಯ್ಯನವರೂ, ಮೀನು ಮಾರಿ ಬರುತ್ತಿದ್ದ ಕರಿಯಯ್ಯನವರೂ ಎದುರಾದರು.

“ಅಮ್ಮಾರೇ, ನೀವೇ ಹೇಳಿಬಿಡಿ,” ಎಂದರು ಹನುಮಯ್ಯ. “ಶಾಂತರಾಜಯ್ಯನೋರು ದಿಟವಾಗ್ಲೂ ದೋಣಿ ಹುಟ್ಟು ಹಾಕ್ತಾರಾ?”

“ಹಾಕ್ತಾನೆ. ಈಗ ತಾನೇ ಕಣ್ಣಾರೆ ನೋಡಿ ಬಂದೆ.”

“ಜೋರಾಗೇ?”

“ಬೆವರು ಧಾರಾಕಾರ ಹರೀತಿತ್ತು.”

“ಮೀನುಗೀನು ಗಾಬರಿಯಾಗಿರ್ಬೇಕಲ್ಲ?”

“ಒಂದು ಮೀನಿಗೂ ತೊಂದರೆ ಆಗಲಿಲ್ಲ. ಒಂದು ಹನಿ ನೀರೂ ಚಿಮ್ಮಲಿಲ್ಲ.”

ಕರಿಯಯ್ಯನವರು ತಲೆಯ ಮೇಲಿನ ಟವೆಲನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡರು. “ಹುಟ್ಟಿದಾಗ್ಲಿಂದ ಹುಟ್ಟು ಹಾಕ್ತಾ ಇವ್ನಿ. ನೀರು ಚಿಮ್ದಂಗೆ ಹಾಕಾಕೆ ನಂಗೆ ಬರಾಕಿಲ್ಲ,” ಎಂದರು.

ಅಂದಿನಿಂದ ಶಾಂತರಾಜಯ್ಯನವರ ದೋಣಿವಿದ್ಯೆ ಪ್ರಶ್ನಾತೀತವಾಯಿತು.

ಆ ವರ್ಷವೇ ಹಳೇಬೀಡಿಗೆ ಬರುವ ಪ್ರವಾಸಿಗಳಿಗಾಗಿ ಕೆರೆಯಲ್ಲಿ ದೋಣಿವಿಹಾರ ಏರ್ಪಡಿಸಲು ಒಂದು ಸಮಿತಿ ರಚನೆಯಾಗಿ, ಅದರ ಅಧಿಕಾರಿಯಾಗಿ ಗಂಡಸಿ ಊರಿನ ಕಡೆಯ ಸ್ವಾಮಿ ಎಂಬವರು ಬಂದರು. ಚಿಕ್ಕ ವಯಸ್ಸಿನ, ಸಂಕೋಚದ ಸ್ವಭಾವದ ಮನುಷ್ಯ. ಎರಡು ಹುಟ್ಟಿನ ಒಂದು ಬಣ್ಣದ ದೋಣಿಯೂ ಬಂತು. ಅದರ ಜೊತೆಗೆ ಕರಾವಳಿಯಿಂದ ಬಂದಿದ್ದ ಅಂಬಿಗ ಊರಿಗೆಂದು ಹೋದವನು ಕಾಮಾಲೆ ಹಿಡಿದು ಮಲಗಿದ. ಭಾನುವಾರ ಉದ್ಘಾಟನೆ, ಅಧಿಕಾರಿಗಳು ಸ್ವತಃ ದೋಣಿಯಲ್ಲಿ ಕುಳಿತು ಉದ್ಘಾಟಿಸತಕ್ಕದ್ದೆಂದು ಮೇಲಿನಿಂದ ಆದೇಶ.

ಸ್ವಾಮಿಯವರು ಕರಿಯಯ್ಯನವರನ್ನು ಕೇಳಿದರು. ಕರಿಯಯ್ಯನವರು ದೋಣಿಯ ಸುತ್ತ ಒಮ್ಮೆ ಬಂದು ನೋಡಿದರು. “ಇದರಾಗೆ ಹೋಗೋ ದಿಕ್ಕಿಗೆ ಬೆನ್ನು ಮಾಡ್ಕಂಡು ಕೂರಬೇಕಲ್ಲ ಸ್ವಾಮಿ. ನಾ ಹೋಗೋ ಕಡೆ ನೋಡ್ಕಂಡು ಹೋಗೋನು. ಹಿಮ್ಮುಖದ ವಿದ್ಯೆ ನಮ್ಮೂರಾಗೆ ಬಂದ್ರೆ, ನೀರು ಚಿಮ್ದಂಗೆ ಹುಟ್ಟು ಹಾಕೋ ಆ ಒಬ್ರಿಗೇ.”

ಹನುಮಯ್ಯನವರ ಮುಂದಾಳತ್ವದಲ್ಲಿ ಸ್ವಾಮಿಯವರು ಪಾತ್ರೆ ಅಂಗಡಿಗೆ ಬಂದು ಕೈಮುಗಿದರು. ವಿಷಯ ಕೇಳಿ ಶಾಂತರಾಜಯ್ಯನವರ ಕೈಯಲ್ಲಿದ್ದ ಸ್ಟೀಲು ಡಬರಿ ಕೆಳಗೆ ಬಿದ್ದು ಬಹಳ ಹೊತ್ತು ತಿರುಗಿತು.

“ನನಗೆ ಈಜು ಬರೋಲ್ಲ ಸರ್,” ಎಂದರು ಅದು ನಿಂತ ಮೇಲೆ.

“ಅದೇ ಒಳ್ಳೇದು,” ಎಂದರು ಸ್ವಾಮಿ. ಅವರ ದನಿಯಲ್ಲಿ ಪ್ರಾಮಾಣಿಕವಾದ ನೆಮ್ಮದಿಯಿತ್ತು. “ಈಜು ಬರೋರಿಗೆ ದೋಣಿ ಮುಗುಚಿದ್ರೆ ಏನಂತೆ. ಬರದೇ ಇರೋರು ಜೋಪಾನವಾಗಿ ನಡೆಸ್ತಾರೆ.”

“ಹಾಗಲ್ಲ. ನಾನು ನಡೆಸಿದ್ದು... ಕೆರೇಲಿ ಅಲ್ಲ...”

ಹನುಮಯ್ಯನವರ ಹುಬ್ಬು ನಿಧಾನವಾಗಿ ಮೇಲೇರಿತು.

“ಹಂಗಾದ್ರೆ,” ಎಂದರು ಅವರು, “ಕಮಲಾಕ್ಷಮ್ಮನೋರು ಹೇಳಿದ್ದು ಸುಳ್ಳಾ?”

ಶಾಂತರಾಜಯ್ಯನವರು ಬಾಗಿಲಾಚೆ ನೋಡಿದರು. ಎದುರು ಬದಿಯಲ್ಲಿ ಅತ್ತೆಯವರು ಬಿಳಿ ಸೀರೆಯ ಸೆರಗು ಹೊದ್ದು ಬಸದಿಯ ಕಡೆಗೆ ಮೆಲ್ಲಗೆ ನಡೆದುಹೋಗುತ್ತಿದ್ದರು. ಜೀವಮಾನವಿಡೀ ಒಂದು ಹುಸಿಮಾತೂ ಸೋಂಕದ ಬಾಯಿ. ಈಗ ತಾನು ಇನ್ನೊಂದು ವಾಕ್ಯ ಆಡಿದರೆ ಸಂಜೆಯೊಳಗೆ ಊರು ಆ ಬಾಯಿಗೆ ಸುಳ್ಳಿನ ಪಟ್ಟ ಕಟ್ಟುತ್ತದೆ.

“ಭಾನುವಾರ ಎಷ್ಟು ಹೊತ್ತಿಗೆ ಬರಲಿ ಸರ್?” ಎಂದರು ಶಾಂತರಾಜಯ್ಯ.

ಮನೆಗೆ ಬಂದು ಅವರು ಸೂರ್ಯಾಸ್ತಕ್ಕೆ ಮುಂಚಿನ ಊಟವನ್ನೂ ಬೇಡವೆಂದರು. “ರತ್ನಾ, ಅತ್ತೆ ಮಾತು ಮುಳುಗಬೇಕು, ಇಲ್ಲ ನಾನು ಮುಳುಗಬೇಕು.”

“ಎರಡೂ ಮುಳುಗೋದು ಬೇಡ,” ಎಂದರು ರತ್ನಪ್ರಭಾ. “ಮೊದಲು ಊಟ ಮಾಡಿ. ಆಮೇಲೆ ಮೇಲೆ ಹೋಗಿ ಅಭ್ಯಾಸ ಮಾಡಿ. ಮನೇಲಿ ಹೇಗೆ ಮಾಡ್ತೀರೋ ಅಲ್ಲೂ ಹಾಗೇ ಮಾಡಿ.”

“ಅಲ್ಲಿ ನೀರಿರುತ್ತೆ ಕಣ್ರೀ.”

ಅವರು ಹೆಂಡತಿಗೆ ‘ಕಣ್ರೀ’ ಎಂದದ್ದು ಅದೇ ಮೊದಲು, ಅದೇ ಕೊನೆ. ಭಯ ಎಷ್ಟಿತ್ತೆಂಬುದಕ್ಕೆ ಇದನ್ನು ಸಾಕ್ಷಿಯಾಗಿ ಕೊಡುತ್ತಿದ್ದೇನೆ. ರತ್ನಪ್ರಭಾ ಅವರು ಹಿತ್ತಲಿನ ಕಡೆ ನೋಡುತ್ತಿದ್ದರು. ಮನೆಗೆ ನಲ್ಲಿ ಬಂದ ಮೇಲೆ ಸೇದುವವರಿಲ್ಲದ ಬಾವಿ ಅಲ್ಲಿತ್ತು. ರಾಟೆಯ ಮೇಲೆ ಸುರುಳಿ ಸುತ್ತಿಟ್ಟ ಹಗ್ಗವಿತ್ತು.

ಭಾನುವಾರ ಬೆಳಿಗ್ಗೆ ಕೆರೆಯ ದಡದಲ್ಲಿ ಊರು ನೆರೆದಿತ್ತು. ಹೊಸ ಬಸ್ಸಾದರೂ ಹೊಸ ಟ್ರ್ಯಾಕ್ಟರಾದರೂ ಪೂಜೆಯಿಲ್ಲದೆ ಹೊರಡಿಸುವ ರೂಢಿ ಆ ಕಡೆ ಇಲ್ಲ. ಹೊರಡುವ ವಾಹನವನ್ನು ಸಿಂಗರಿಸುವ ಹೆಂಗಸನ್ನು ಯಾರೂ ತಡೆಯುವುದೂ ಇಲ್ಲ. ರತ್ನಪ್ರಭಾ ಅವರು ಮಾವಿನ ತೋರಣ, ಸೇವಂತಿಗೆ ಮಾಲೆ ಹಿಡಿದು ದೋಣಿಯ ಹಿಂಬದಿಯಲ್ಲಿ ಬಹಳ ಹೊತ್ತು ಬಾಗಿ ನಿಂತಿದ್ದರು. ಪಕ್ಕದ ಕಲ್ಲಿನ ಮೇಲೆ ಕುಳಿತಿದ್ದ ಕಮಲಾಕ್ಷಮ್ಮನವರ ಕಣ್ಣು ತೋರಣದ ಕೆಳಗೆ ಹೋಯಿತು.

“ಬಾವಿ ಹಗ್ಗ ಅಲ್ವೇನೇ ಅದು?”

“ಹೌದು ಅತ್ತೆ.”

“ಇನ್ನೊಂದು ಗಂಟು ಹಾಕು.”

ಹಗ್ಗದ ಒಂದು ತುದಿ ದೋಣಿಯ ಹಿಂಬದಿಯ ಕಬ್ಬಿಣದ ಬಳೆಗೆ, ಇನ್ನೊಂದು ತುದಿ ದಡದ ಆಲದ ಬೇರಿಗೆ. ನಡುವಿನದು ನೀರಿನಡಿ ಸುರುಳಿಯಾಗಿ ಮಲಗಿತ್ತು.

ಶಾಂತರಾಜಯ್ಯನವರು ಜುಬ್ಬಾ ತೊಟ್ಟು ಕಚ್ಚೆಪಂಚೆಯಲ್ಲಿ ಬಂದರು. ಜುಬ್ಬಾ ಅಂದು ವಿಚಿತ್ರವಾಗಿ ಉಬ್ಬಿತ್ತು. ಈಜು ಕಲಿಯುವ ಮಕ್ಕಳ ನಡುವಿಗೆ ಒಣಗಿದ ತೆಂಗಿನಕಾಯಿ ಕಟ್ಟಿ ನೀರಿಗಿಳಿಸುವುದು ನಮ್ಮ ಕಡೆ ಎಲ್ಲರೂ ಬಲ್ಲ ಸಂಗತಿ. ಅವರು ಜುಬ್ಬಾದೊಳಗೆ ಒಂದು ಜೋಡಿ ಕಾಯಿ ಕಟ್ಟಿಕೊಂಡಿದ್ದರು. ಸ್ವಾಮಿಯವರು ಹಿಂದಿನ ಹಲಗೆಯ ಮೇಲೆ ದಡಕ್ಕೆ ಬೆನ್ನು ಮಾಡಿ, ಶಾಂತರಾಜಯ್ಯನವರು ನಡುವಿನ ಹಲಗೆಯ ಮೇಲೆ ದಡಕ್ಕೆ ಮುಖ ಮಾಡಿ, ಎದುರುಬದುರು ಕುಳಿತರು. ದೋಣಿ ವಾಲಿತು. ಇಬ್ಬರೂ ಮುಂದಕ್ಕೆ ಬಾಗಿದರು. ಇಬ್ಬರ ಹೊಟ್ಟೆಗಳೂ ತಾಗಿ ಟೊಕ್ ಎಂದವು.

ಕಾಯಿಗೆ ಕಾಯಿ ತಾಗಿದ ಶಬ್ದ.

ಸ್ವಾಮಿಯವರು ಪಿಸುದನಿಯಲ್ಲಿ ಕೇಳಿದರು: “ನಿಮ್ಮದೆಷ್ಟು?”

“ಎರಡು.”

“ನಂದು ನಾಲ್ಕು. ಗಂಡಸೀಲಿ ನೀರು ಅಂದ್ರೆ ಬೋರ್‌ವೆಲ್ ಸರ್. ದಯವಿಟ್ಟು ಯಾರಿಗೂ ಹೇಳಬೇಡಿ.”

ಕರಿಯಯ್ಯನವರು ದೋಣಿಯನ್ನು ನೂಕಿದರು. ಅದು ದಡ ಬಿಟ್ಟು ಹೊರಟಿತು. ಶಾಂತರಾಜಯ್ಯನವರು ಕಣ್ಣು ಮುಚ್ಚಿದರು. ಮುಚ್ಚಿದ ಕಣ್ಣಿನೊಳಗೆ ಮಹಡಿ ಕಂಡಿತು, ಹಂಡೆಗಳು ಕಂಡವು. ಎರಡು ಹುಟ್ಟುಗಳ ಹಿಡಿಗಳನ್ನೂ ಒಂದೇ ಹಿಡಿಯೆಂಬಂತೆ ಜೊತೆಮಾಡಿ ಹಿಡಿದರು. ಕಾಲು, ಸೊಂಟ, ಕೈ. ಕೈ, ಸೊಂಟ, ಕಾಲು. ಇಲ್ಲಿಯ ಹಲಗೆ ಜರುಗುವಂಥದಲ್ಲವಾದರೂ ಹೊಸ ಬಣ್ಣದ ನುಣುಪಿಗೆ ಅವರೇ ಅದರ ಮೇಲೆ ಒಂದಿಷ್ಟು ಜರುಗಿದರು. ಎಳೆತ ಚುರುಕು, ಮರಳುವಿಕೆ ನಿಧಾನ. ಸಂಯಮ್ ಅವರು ನೋಡಿದ್ದರೆ ತಪ್ಪು ಹುಡುಕಲಾಗುತ್ತಿರಲಿಲ್ಲ.

ಸ್ವಲ್ಪ ದೂರ ಹೋದ ಮೇಲೆ ಹಗ್ಗ ಮುಗಿಯಿತು. ದೋಣಿ ಒಮ್ಮೆ ಮೆಲ್ಲಗೆ ಜಗ್ಗಿ ನಿಂತಿತು. ಶಾಂತರಾಜಯ್ಯನವರು ನಿಲ್ಲಲಿಲ್ಲ.

“ಎಲ್ಲಿಗೆ ಬಂದ್ವಿ?” ಎಂದರು ಸ್ವಾಮಿ. ಅವರೂ ಕಣ್ಣು ಮುಚ್ಚಿದ್ದರು.

“ನಡುವೆ ಇರಬೇಕು.”

“ಆಳ ಎಷ್ಟಿರಬಹುದು?”

“ನೋಡಬೇಡಿ.”

“ನಾನು ನೋಡ್ತಿಲ್ಲ. ನೀವೂ ನೋಡಬೇಡಿ.”

ದಡದಲ್ಲಿ ಕರಿಯಯ್ಯನವರು ಹಣೆಗೆ ಕೈ ಅಡ್ಡ ಹಿಡಿದು ನಿಂತಿದ್ದರು. “ಇದ್ದಲ್ಲೇ ಐತಲ್ಲ ಹನುಮಣ್ಣ.”

“ಹಿಮ್ಮುಖವಾಗಿ ನಡೆಸಿದ್ರೆ ಹಂಗೇ ಕಾಣೋದು ಕಣೋ,” ಎಂದರು ಹನುಮಯ್ಯ. “ಅಧಿಕಾರಿಗಳು ಕೂತವ್ರೆ. ಅಲುಗಿಸ್ದಂಗೆ ಒಯ್ತಾವ್ರೆ.”

ಬೆವರು ಕಣ್ಣಿಗಿಳಿದಾಗ ಒರೆಸಿಕೊಳ್ಳಲೆಂದು ಶಾಂತರಾಜಯ್ಯನವರು ಒಂದು ಕಣ್ಣನ್ನು ಕೊಂಚ ತೆರೆದರು. ಕೆರೆಯ ನಟ್ಟನಡುವೆ ಇರಬೇಕಾದ ತಮಗೆ, ದಡದಲ್ಲಿ ನಿಂತ ಹೆಂಡತಿಯ ಮೂಗುಬೊಟ್ಟು ಸ್ಪಷ್ಟವಾಗಿ ಕಾಣಿಸಿತು. ಅವರ ಕಾಲ ಬಳಿಯ ಆಲದ ಬೇರಿನಿಂದ, ನೀರು ತೊಟ್ಟಿಕ್ಕುತ್ತ, ಬಿಗಿದ ತಂತಿಯಂತೆ ತಮ್ಮ ಕಡೆಗೆ ಚಾಚಿಕೊಂಡಿದ್ದ ವಸ್ತು ಯಾವುದೆಂದು ಅವರು ಗುರುತಿಸಿದರು. ಬಾಲ್ಯದಿಂದ ಅದರಲ್ಲಿ ನೀರು ಸೇದಿದ ಕೈ ಅವರದು.

ಹಗ್ಗವಿದ್ದ ಮೇಲೆ ಮುಳುಗುವ ಮಾತಿಲ್ಲ. ಎರಡೂ ಕಣ್ಣು ತೆರೆದರು. ಕೆರೆ ಚೆನ್ನಾಗಿ ಕಂಡಿತು, ಊರು ಚೆನ್ನಾಗಿ ಕಂಡಿತು. ಆ ಮೇಲೆ ಅವರು ಹಾಕಿದ ಹುಟ್ಟಿನ ಸೊಗಸನ್ನು ಹನುಮಯ್ಯನವರು ಇಂದಿಗೂ ಎದ್ದು ನಿಂತು ಅಭಿನಯಿಸಿ ತೋರಿಸುತ್ತಾರೆ.

“ಇನ್ನು ವಾಪಸ್ ಹೋಗೋಣವೇ ಸರ್?”

“ಬೇಗ,” ಎಂದರು ಸ್ವಾಮಿ.

ಹುಟ್ಟು ನಿಂತದ್ದೇ ತಡ, ರತ್ನಪ್ರಭಾ ಅವರು ಸೆರಗು ಸಿಕ್ಕಿಸಿ ಹಗ್ಗ ಹಿಡಿದರು. ಮೊದಲು ಕೈ, ಆಮೇಲೆ ಬೆನ್ನು. ಬಾವಿಯಿಂದ ಸೇದುವ ಹಾಗೆ. ಇದೂ ಪೂಜೆಯ ಒಂದು ಅಂಗವೆಂದು ತಿಳಿದ ನಾಲ್ಕಾರು ಹೆಂಗಸರು ಬಂದು ಕೈಹಾಕಿದರು. ತುಂಬಿದ ಕೊಡ ಮೇಲೆ ಬಂದಂತೆ ದೋಣಿ ನಿರಾಯಾಸವಾಗಿ ದಡಕ್ಕೆ ಬಂತು.

ಸ್ವಾಮಿಯವರು ನೆಲ ಮುಟ್ಟಿದ ಮೇಲೆ ಕಣ್ಣು ತೆರೆದು ಹರ್ಷದಿಂದ ನಾಲ್ಕು ಮಾತಾಡಿದರು. ಇಷ್ಟು ಸ್ಥಿರವಾದ ದೋಣಿಯಾನವನ್ನು ತಾವು ಕಂಡಿಲ್ಲವೆಂದರು. ಕೊನೆಗೆ, ಊರಿನ ಹಿರಿಯರೂ ಸತ್ಯವ್ರತರೂ ಆದ ಕಮಲಾಕ್ಷಮ್ಮನವರು ಎಲ್ಲವನ್ನೂ ಹತ್ತಿರದಿಂದ ನೋಡಿದ್ದಾರೆ, ಅವರೇ ಎರಡು ಮಾತು ಹೇಳಲಿ ಎಂದುಬಿಟ್ಟರು.

ಶಾಂತರಾಜಯ್ಯನವರು ಜುಬ್ಬಾದೊಳಗಿನ ಕಾಯಿಗಳನ್ನು ಅವುಚಿ ಹಿಡಿದರು. ರತ್ನಪ್ರಭಾ ಅವರು ಹಗ್ಗದ ಸುರುಳಿಯನ್ನು ಸೆರಗಿನೊಳಗೆ ಎಳೆದುಕೊಂಡರು. ಕಮಲಾಕ್ಷಮ್ಮನವರು ಕಲ್ಲಿನಿಂದ ಎದ್ದು ನಿಂತರು.

“ಶಾಂತರಾಜ ದಿನಾ ಹೇಗೆ ದೋಣಿ ನಡೆಸ್ತಾನೆ ಅನ್ನೋದನ್ನ ನಾನು ನೋಡಿದೀನಿ,” ಎಂದರು. “ಇವತ್ತೂ ನೋಡಿದೆ. ಎರಡಕ್ಕೂ ಎಳ್ಳಷ್ಟೂ ವ್ಯತ್ಯಾಸ ಇಲ್ಲ.”

ಚಪ್ಪಾಳೆ ಕೆರೆಯ ಆಚೆ ದಡಕ್ಕೆ ಕೇಳಿಸಿತು. ಗದ್ದಲದ ನಡುವೆ ಸ್ವಾಮಿಯವರು ರತ್ನಪ್ರಭಾ ಅವರ ಸೆರಗಿನಿಂದ ತೊಟ್ಟಿಕ್ಕುತ್ತಿದ್ದ ನೀರನ್ನು ನೋಡಿದರು, ಇಣುಕುತ್ತಿದ್ದ ಹಗ್ಗದ ತುದಿಯನ್ನು ನೋಡಿದರು, ಆಲದ ಬೇರನ್ನು ನೋಡಿದರು. ಆಮೇಲೆ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದರು: “ಅಮ್ಮಾ, ಮುಂದಿನ ವರ್ಷವೂ ನೀವೇ ಸಿಂಗಾರ ಮಾಡಬೇಕು.”

ಕಾಮಾಲೆ ವಾಸಿಯಾದ ಅಂಬಿಗ ಮರಳಿದ ಮೇಲೆ ದೋಣಿ ಕೆರೆಯ ತುಂಬ ಓಡಾಡಿತು. ಆದರೆ ವರ್ಷದ ಮೊದಲ ದೋಣಿಗೆ ಬಾವಿಯ ಹಗ್ಗ ಕಟ್ಟಿ ಮುತ್ತೈದೆಯರು ದಡಕ್ಕೆ ಸೇದುವ ಪದ್ಧತಿ ನಿಂತುಹೋಯಿತು ಎನ್ನುವಂತಿಲ್ಲ. ನಾನು ಅಲ್ಲಿಗೆ ಹೋದ ವರ್ಷ ಅದನ್ನು ಕಣ್ಣಾರೆ ಕಂಡು, ಬಹಳ ಪುರಾತನವಾದ ಆಚರಣೆಯಿರಬೇಕೆಂದು ಭಾವಿಸಿ, ಮೂಲ ಹುಡುಕಲು ಹೊರಟೆ. ಹನುಮಯ್ಯನವರು ಅದು ರಾಜರ ಕಾಲದ್ದೆಂದು ಖಚಿತವಾಗಿ ಹೇಳಿದರು. ಕಮಲಾಕ್ಷಮ್ಮನವರನ್ನು ಕೇಳಿದೆ. ಅವರು ಮೊದಲಿನಿಂದ ಕೊನೆಯವರೆಗೆ ಎಲ್ಲವನ್ನೂ ಹೇಳಿದರು.

“ಇಷ್ಟು ವರ್ಷ ಯಾಕಮ್ಮ ಹೇಳಲಿಲ್ಲ?” ಎಂದೆ.

“ಯಾರೂ ಕೇಳಲಿಲ್ಲ.”

ಪ್ರಕಟಿಸಲು ಶಾಂತರಾಜಯ್ಯನವರ ಒಪ್ಪಿಗೆ ಬೇಡಿದೆ. ಅವರು ಗಲ್ಲಾಪೆಟ್ಟಿಗೆಯ ಹಿಂದೆ ಸಲೀಸಾಗಿ ಕುಳಿತಿದ್ದರು. ಈಗ ನಡುವೆ ಅನ್ನ ಬೇಯಿಸುವ ಒಂದು ಕೊಳದಪ್ಪಲೆ ಹಿಡಿಸುವಷ್ಟು ಜಾಗವಿದೆ. ಫೋನಿನ ಪಾಠ, ದೋಣಿಯೊಳಗಿನ ಮಾತು ಮೊದಲಾಗಿ ಅತ್ತೆಗೆ ತಿಳಿಯದಿದ್ದುದನ್ನು ತಾವೇ ತುಂಬಿಕೊಟ್ಟು, ಎಲ್ಲವನ್ನೂ ಬರೆಯಿರಿ, ನನಗೂ ಹಗುರಾಗುತ್ತೆ ಎಂದರು. ಒಂದೇ ಷರತ್ತು ಹಾಕಿದರು: ಚಡ್ಡಿ ಮಂಡಿಯವರೆಗೆ ಇತ್ತೆಂದು ಬರೆಯಬೇಕು.

ಸಂಗ್ರಾಹಕನಾದವನು ಒಂದೇ ಬಾಯಿಯ ಮಾತನ್ನು ನೆಚ್ಚಬಾರದು. ನಾನು ಮತ್ತೆ ಬಸದಿಯ ಕೇರಿಗೆ ಹೋಗಿ ಕಮಲಾಕ್ಷಮ್ಮನವರನ್ನು ಕೇಳಿದೆ. ಅವರು ಸೋದರಳಿಯನ ಮೇಲಿನ ಮಮತೆಯಿಂದ ನಿಟ್ಟುಸಿರು ಬಿಟ್ಟು, ತಮ್ಮ ಗೇಣನ್ನು ಬಿಚ್ಚಿ ತೋರಿಸಿದರು.

ಆದಕಾರಣ ಒಂದು ಗೇಣು ಎಂದೇ ದಾಖಲಿಸಿದ್ದೇನೆ.